ಹೋಮ್‌ಸ್ಟೇಗೆ ಚಾರ್ಜಿಂಗ್ ಸ್ಟೇಷನ್ ಬೇಡ, ಗಟ್ಟಿಯಾದ ಒಂದು ಪ್ಲಗ್ ಪಾಯಿಂಟ್ ಸಾಕು

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ, ಕೊಡಗು ಕಡೆ ಹೋಮ್‌ಸ್ಟೇ ನಡೆಸುವ ಎಲ್ಲರಿಗೂ ಇದನ್ನು ಹೇಳಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ರೂಮ್ ಬುಕ್ ಮಾಡಲು ಫೋನ್ ಮಾಡುವವರು ಮೊದಲು ಊಟಕ್ಕೆ ಏನಿರುತ್ತೆ, ನೆಟ್‌ವರ್ಕ್ ಸಿಗುತ್ತಾ, ಕೊನೆಯ ರಸ್ತೆಯಲ್ಲಿ ಸಣ್ಣ ಕಾರು ಹೋಗುತ್ತಾ ಅಂತ ಕೇಳುತ್ತಿದ್ದರು. ಈಗ ಎಲೆಕ್ಟ್ರಿಕ್ ಕಾರಿನವರು ಜಾಸ್ತಿಯಾಗಿ, ಅದರ ಜೊತೆ "ಕಾರು ಚಾರ್ಜ್‌ಗೆ ಹಾಕಬಹುದಾ?" ಅನ್ನೋದೂ ಸೇರಿಕೊಂಡಿದೆ. ನಮ್ಮಲ್ಲಿ ಹೆಚ್ಚಿನವರು ಕೊಡುವ ಉತ್ತರ ಎರಡೇ. ಒಂದು, "ಇಲ್ಲ ಸಾರ್, ಅದೆಲ್ಲ ನಮ್ಮಲ್ಲಿಲ್ಲ." ಇನ್ನೊಂದು, "ಬನ್ನಿ ಸಾರ್, ಏನಾದ್ರೂ ಮಾಡೋಣ." ನನ್ನ ಪ್ರಕಾರ ಎರಡೂ ಸರಿಯಲ್ಲ. ಎರಡನೆಯದಂತೂ ಅಪಾಯ.

ಇಲ್ಲ ಅನ್ನುವವರ ತಲೆಯಲ್ಲಿ ಇರುವುದು ಹೈವೇ ಪಕ್ಕದ ಫಾಸ್ಟ್ ಚಾರ್ಜರ್. ಬೀರುವಿನಷ್ಟು ದೊಡ್ಡ ಯಂತ್ರ, ಲಕ್ಷಗಟ್ಟಲೆ ಖರ್ಚು, ಟ್ರಾನ್ಸ್‌ಫಾರ್ಮರ್, ಮೆಸ್ಕಾಂ ಆಫೀಸಿಗೆ ಅಲೆದಾಟ. ನಮಗೆ ಅದು ಬೇಕಾಗೇ ಇಲ್ಲ. ದಾರಿಯಲ್ಲಿ ಹೋಗುವವನಿಗೆ ಒಂದು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಚಾರ್ಜ್ ಆಗಬೇಕು, ಅದಕ್ಕೆ ಆ ಯಂತ್ರ. ನಮ್ಮ ಮನೆಗೆ ಬಂದ ಅತಿಥಿಯ ಕಾರು ಸಂಜೆ ಬಂದು ನಿಂತರೆ ಬೆಳಗ್ಗೆ ತಿಂಡಿ ಆಗುವವರೆಗೆ ಅಲ್ಲಾಡುವುದಿಲ್ಲ. ಅಷ್ಟು ಹೊತ್ತು ಸಾಮಾನ್ಯ 15 ಆಂಪ್ ಪ್ಲಗ್ಗಿನಿಂದ ನಿಧಾನವಾಗಿ ಹತ್ತಿದರೂ ಸಾಕು.

ಲೆಕ್ಕ ನೋಡಿ. ಕಾರಿನ ಜೊತೆ ಬರುವ ಪೋರ್ಟಬಲ್ ಚಾರ್ಜರ್ ಈ ಪ್ಲಗ್ಗಿನಿಂದ ಸುಮಾರು ಎರಡೂವರೆಯಿಂದ ಮೂರು ಕಿಲೋವ್ಯಾಟ್ ಎಳೆಯುತ್ತದೆ. ಒಂದು ಕಿಲೋವ್ಯಾಟ್ ಒಂದು ಗಂಟೆ ಎಳೆದರೆ ಒಂದು ಯೂನಿಟ್. ರಾತ್ರಿ ಒಂಬತ್ತಕ್ಕೆ ಹಾಕಿ ಬೆಳಗ್ಗೆ ಏಳಕ್ಕೆ ತೆಗೆದರೆ 25 ಯೂನಿಟ್ ಆರಾಮವಾಗಿ ಹೋಗಿರುತ್ತದೆ. ಒಂದು ಯೂನಿಟ್‌ಗೆ ಆರು ಕಿಲೋಮೀಟರ್ ಅಂತ ಕಡಿಮೆ ಹಿಡಿದರೂ 150 ಕಿಲೋಮೀಟರ್ ಆಯಿತು. ಮುಳ್ಳಯ್ಯನಗಿರಿ ಹತ್ತಿ ಇಳಿದು ಬರಲಿ, ಬೇಲೂರು ಹಳೇಬೀಡು ಸುತ್ತಿ ಬರಲಿ, ಅಷ್ಟು ದೂರ ಆಗುವುದಿಲ್ಲ. ಘಾಟಿ ಹತ್ತುವಾಗ ಬ್ಯಾಟರಿ ಬೇಗ ಇಳಿಯುತ್ತದೆ ನಿಜ, ಆದರೆ ಇಳಿಯುವಾಗ ಬ್ರೇಕಿನ ಶಕ್ತಿಯಲ್ಲಿ ಸ್ವಲ್ಪ ವಾಪಸ್ ಬರುತ್ತದೆ. ಎರಡು ರಾತ್ರಿ ಉಳಿದವರು ಹೊರಡುವ ದಿನ ಫುಲ್ ಬ್ಯಾಟರಿಯಲ್ಲೇ ಹೊರಡುತ್ತಾರೆ. ಬೆಂಗಳೂರು ನಮ್ಮ ಮೂಡಿಗೆರೆ ಕಡೆಯಿಂದ ಹೆಚ್ಚುಕಡಿಮೆ 240 ಕಿಲೋಮೀಟರ್. ಈಗಿನ ದೊಡ್ಡ ಬ್ಯಾಟರಿಯ ಕಾರುಗಳು ಅಷ್ಟು ದೂರ ಒಂದೇ ಚಾರ್ಜ್‌ನಲ್ಲಿ ಹೋಗುತ್ತವೆ. 2020ರಲ್ಲಿ ಬಂದ ಮೊದಲ ನೆಕ್ಸಾನ್ ಇವಿ ಥರದ, 30 ಯೂನಿಟ್ ಬ್ಯಾಟರಿಯ ಕಾರಾದರೆ ಹಾಸನದಲ್ಲೋ ಚನ್ನರಾಯಪಟ್ಟಣದಲ್ಲೋ ಒಮ್ಮೆ ನಿಲ್ಲಬೇಕಾಗುತ್ತದೆ, ಅಷ್ಟೇ. ಲಾಂಗ್ ವೀಕೆಂಡ್ ಮುಗಿಯುವ ಭಾನುವಾರ ಸಂಜೆ ಹೈವೇ ಚಾರ್ಜರ್ ಮುಂದೆ ಮಕ್ಕಳನ್ನು ಕೂರಿಸಿಕೊಂಡು ಸರದಿಗೆ ಕಾಯುವುದು ಎಷ್ಟು ಕಷ್ಟ ಅಂತ ಕಾದವರನ್ನು ಕೇಳಿ. ಆ ಕಷ್ಟವನ್ನು ನಮ್ಮ ಅಂಗಳದ ಒಂದು ಪ್ಲಗ್ ತಪ್ಪಿಸುತ್ತದೆ.

ಇನ್ನು "ಏನಾದ್ರೂ ಮಾಡೋಣ" ಅನ್ನುವವರ ವಿಷಯ. ಇದೇ ನನಗೆ ಜಾಸ್ತಿ ಚಿಂತೆ. ನಮ್ಮ ಕಡೆಯ ಒಂದು ಹೋಮ್‌ಸ್ಟೇಯಲ್ಲಿ ಅಡುಗೆಮನೆಯ ಮಿಕ್ಸಿ ಪ್ಲಗ್ಗಿಗೆ ಎಕ್ಸ್‌ಟೆನ್ಶನ್ ಬೋರ್ಡ್ ಹಾಕಿ, ಕಿಟಕಿಯಿಂದ ವೈರ್ ಎಳೆದು, ಒದ್ದೆ ನೆಲದ ಮೇಲೆ ಕಾರಿನವರೆಗೆ ಬಿಟ್ಟಿದ್ದನ್ನು ನೋಡಿದ್ದೇನೆ. ಬೋರ್ಡ್ ಮುಟ್ಟಿದರೆ ಸುಡುತ್ತಿತ್ತು. ಪ್ಲಗ್ಗಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಮೇಲೆ ಹೆಂಚು, ಅದರ ಕೆಳಗೆ ಹಳೆಯ ಮರದ ಅಟ್ಟ, ರೂಮಿನಲ್ಲಿ ಮಕ್ಕಳು ಮಲಗಿದ್ದಾರೆ. ಯೋಚನೆ ಮಾಡಿ.

ಬಹಳ ಜನರಿಗೆ ಗೊತ್ತಾಗದ ಸಂಗತಿ ಏನೆಂದರೆ, ಕಾರು ಎಳೆಯುವ ಲೋಡ್ ಒಂದು ಗೀಸರ್‌ನಷ್ಟೇ. ಹಾಗಾಗಿ "ಗೀಸರ್ ನಡೆಯುವ ಪ್ಲಗ್ಗಿನಲ್ಲಿ ಕಾರು ನಡೆಯಲ್ವಾ?" ಅಂತ ಕೇಳುತ್ತಾರೆ. ಗೀಸರ್ ಇಪ್ಪತ್ತು ನಿಮಿಷ ಉರಿದು ಆಫ್ ಆಗುತ್ತದೆ. ಕಾರು ಅದೇ ಲೋಡನ್ನು ಹತ್ತು ಗಂಟೆ ಬಿಡದೆ ಎಳೆಯುತ್ತದೆ. ಸಡಿಲವಾದ ಒಂದು ಸ್ಕ್ರೂ, ಸಣ್ಣ ಗೇಜಿನ ಒಂದು ವೈರ್ ಇಪ್ಪತ್ತು ನಿಮಿಷದಲ್ಲಿ ಏನೂ ಆಗದೆ ಇರಬಹುದು. ಹತ್ತು ಗಂಟೆಯಲ್ಲಿ ಕರಗುತ್ತದೆ.

ಆದ್ದರಿಂದ ಮಾಡುವುದಾದರೆ ಸರಿಯಾಗಿ ಮಾಡಿಸಿ. ಮೇನ್ ಬೋರ್ಡಿನಿಂದ ನೇರವಾಗಿ ಬೇರೆ ಲೈನ್ ಎಳೆಸಬೇಕು, ಮಧ್ಯದಲ್ಲಿ ಬೇರೆ ಯಾವ ಪ್ಲಗ್ಗೂ ಇರಬಾರದು. 4 ಸ್ಕ್ವೇರ್ ಎಂಎಂ ಕಾಪರ್ ವೈರ್, 20 ಆಂಪ್ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್), ಜೊತೆಗೆ 30 ಮಿಲಿ ಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಆಫ್ ಆಗುವ ಸ್ವಿಚ್). ಈ ಆರ್‌ಸಿಸಿಬಿ ಇಲ್ಲದೆ ಹೊರಗಡೆ ಪ್ಲಗ್ ಕೊಡಲೇಬೇಡಿ. ಎಲ್ಲಾದರೂ ಕರೆಂಟ್ ಸೋರಿದರೆ ಮನುಷ್ಯನನ್ನು ಉಳಿಸುವುದು ಅದೇ. ಸಾಕೆಟ್ ಮಾತ್ರ ಒಳ್ಳೆಯ ಕಂಪನಿಯದ್ದಿರಲಿ, ಅಲ್ಲಿ ನೂರಿನ್ನೂರು ರೂಪಾಯಿ ಉಳಿಸಲು ಹೋಗಬೇಡಿ. ಜಾಗ ಮಾಡಿನ ಕೆಳಗಿರಬೇಕು. ಕಾರಿಗೆ ಚುಚ್ಚುವ ಗನ್ ಮಳೆಯಲ್ಲಿ ನೆನೆದರೆ ತೊಂದರೆ ಇಲ್ಲ, ಹಾಗೇ ತಯಾರಿಸಿರುತ್ತಾರೆ. ಆದರೆ ಗೋಡೆಯ ಸಾಕೆಟ್, ಚಾರ್ಜರ್ ಪೆಟ್ಟಿಗೆ ಎರಡೂ ನಮ್ಮ ಜುಲೈ ಮಳೆಯ ಎರಚಲಿಗೆ ಸಿಗಬಾರದು.

ಜಾಗ ಆರಿಸುವಾಗ ಇನ್ನೊಂದು ನೋಡಿ. ಹೆಚ್ಚಿನ ಎಸ್ಟೇಟ್ ಮನೆಗಳಲ್ಲಿ ಕಾರು ನಿಲ್ಲುವುದು ಕಣದಲ್ಲಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಣದ ತುಂಬ ಕಾಫಿ ಒಣಗುತ್ತಿರುತ್ತದೆ, ಕಾರು ಬೇರೆ ಕಡೆ ಹೋಗುತ್ತದೆ. ಅತಿಥಿಗಳು ಜಾಸ್ತಿ ಬರುವ ಕ್ರಿಸ್‌ಮಸ್, ಹೊಸ ವರ್ಷವೂ ಅದೇ ಸಮಯ. ಆಗ ಕಾರು ಎಲ್ಲಿ ನಿಲ್ಲುತ್ತದೋ ಅಲ್ಲೇ ಪಾಯಿಂಟ್ ಹಾಕಿಸಿ. ಪೋರ್ಟಬಲ್ ಚಾರ್ಜರ್‌ನ ಕೇಬಲ್ ಐದಾರು ಮೀಟರ್ ಇದ್ದರೆ ಹೆಚ್ಚು.

ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ, ಅದರ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ನಮ್ಮ ಹಳೆ ಮನೆಗಳಲ್ಲಿ ಮೂರನೇ ಪಿನ್‌ಗೆ ವೈರ್ ಇರುತ್ತದೆ, ಅದು ಎಲ್ಲಿಗೆ ಹೋಗಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಫ್ರಿಡ್ಜ್, ಟಿವಿ ಏನೂ ದೂರದೆ ಓಡುತ್ತವೆ. ಕಾರಿನ ಚಾರ್ಜರ್ ಹಾಗಲ್ಲ, ಮೊದಲು ಅರ್ಥ್ ಇದೆಯಾ ಅಂತ ಪರೀಕ್ಷೆ ಮಾಡುತ್ತದೆ. ಸರಿ ಇಲ್ಲದಿದ್ದರೆ ಕೆಂಪು ಲೈಟ್ ಹತ್ತಿ ನಿಂತುಬಿಡುತ್ತದೆ. ಆಗ ಅತಿಥಿಗೆ ಕಾರು ಕೆಟ್ಟಿದೆಯೋ ಅಂತ ಗಾಬರಿ, ನಮಗೆ ಚಾರ್ಜರೇ ಸರಿ ಇಲ್ಲ ಅನ್ನುವ ಅನುಮಾನ. ಎಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಎಷ್ಟು ವೋಲ್ಟ್ ಇದೆ ನೋಡಿಸಿ. ಮೂರ್ನಾಲ್ಕು ವೋಲ್ಟ್‌ಗಿಂತ ಜಾಸ್ತಿ ಬಂದರೆ ಹೊಸ ಅರ್ಥ್ ಪಿಟ್ ತೆಗೆಸುವುದೇ ಒಳ್ಳೆಯದು. ಉಪ್ಪು, ಇದ್ದಿಲು ಹಾಕಿ ಮಾಡಿದ ಪಿಟ್ ಮಳೆಗಾಲದಲ್ಲಿ ಚೆನ್ನಾಗಿರುತ್ತದೆ, ಮಾರ್ಚ್ ಏಪ್ರಿಲ್‌ನಲ್ಲಿ ಮಣ್ಣು ಒಣಗಿ ಕೈಕೊಡುತ್ತದೆ. ಬೇಸಿಗೆಯಲ್ಲಿ ಅದಕ್ಕೆ ಆಗಾಗ ನೀರು ಹಾಕಬೇಕು. ಇದು ಕಾರಿಗಾಗಿ ಮಾತ್ರ ಅಲ್ಲ, ನಿಮ್ಮ ಮನೆಯವರ ಜೀವಕ್ಕೂ ಬೇಕು.

ಮಲೆನಾಡಿನಲ್ಲಿ ಕರೆಂಟೇ ಇರಲ್ಲ, ಇನ್ನು ಕಾರು ಬೇರೆ ಚಾರ್ಜ್ ಮಾಡೋದಾ ಅಂತ ಕೇಳುತ್ತೀರಿ. ನಿಜ. ಜೂನ್ ಜುಲೈನಲ್ಲಿ ಮರ ಬಿದ್ದು ಲೈನ್ ಹೋದರೆ ಲೈನ್‌ಮ್ಯಾನ್‌ಗಳು ಜೀವ ಕೈಯಲ್ಲಿ ಹಿಡಿದು ಮಳೆಯಲ್ಲಿ ಕೆಲಸ ಮಾಡಿದರೂ ದಿನಗಟ್ಟಲೆ ಆಗುವುದುಂಟು. ಅದಕ್ಕೇ ಬುಕ್ ಮಾಡುವಾಗಲೇ ಹೇಳಬೇಕು: ಚಾರ್ಜಿಂಗ್ ಇದೆ, ಆದರೆ ಮಳೆಗಾಲದಲ್ಲಿ ಖಾತ್ರಿ ಇಲ್ಲ, ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಅರ್ಧಕ್ಕಿಂತ ಜಾಸ್ತಿ ತುಂಬಿಸಿಕೊಂಡು ಬನ್ನಿ ಅಂತ. ಹೀಗೆ ಹೇಳಿದರೆ ಗಿರಾಕಿ ಹೋಗುತ್ತಾರೆ ಅನ್ನುವ ಭಯ ಬೇಡ. ನಂಬಿ ಬಂದು ಅರ್ಧ ದಾರಿಯಲ್ಲಿ ಸಿಕ್ಕಿಹಾಕಿಕೊಂಡವರು ಮತ್ತೆ ಬರುವುದಿಲ್ಲ, ಮೊದಲೇ ಗೊತ್ತಿದ್ದವರು ತಯಾರಾಗಿ ಬರುತ್ತಾರೆ.

ಕರೆಂಟ್ ಹೋದಾಗ ಕಾರನ್ನು ಯುಪಿಎಸ್ ಮೇಲೆ ಹಾಕುವ ಮಾತೇ ಬೇಡ, ಆ ಪಾಯಿಂಟ್ ಯುಪಿಎಸ್ ಲೈನಿನಲ್ಲಿ ಇರಲೇಬಾರದು. ಜನರೇಟರ್‌ನಿಂದಲೂ ಆಗುತ್ತೆ ಅಂತ ಹೇಳಬೇಡಿ. ಸಣ್ಣ ಜನರೇಟರ್‌ಗಳಲ್ಲಿ ನ್ಯೂಟ್ರಲ್ ಅರ್ಥ್‌ಗೆ ಸೇರಿರುವುದಿಲ್ಲ, ಹೆಚ್ಚಿನ ಚಾರ್ಜರ್‌ಗಳು ಒಪ್ಪುವುದೂ ಇಲ್ಲ. ಡೀಸೆಲ್ ಸುಟ್ಟು ಎಲೆಕ್ಟ್ರಿಕ್ ಕಾರು ತುಂಬಿಸುವುದರಲ್ಲಿ ಅರ್ಥವೂ ಇಲ್ಲ. ಏಪ್ರಿಲ್ ಮೇ ತಿಂಗಳ ಗುಡುಗು ಸಿಡಿಲಿಗೆ ಪ್ಲಗ್ ಕಿತ್ತಿಡಿ, ಅತಿಥಿಗೂ ಹೇಳಿ.

ಲೋಡ್ ಕೂಡ ನೋಡಿಕೊಳ್ಳಬೇಕು. ನಿಮ್ಮ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಅಂತ ಬರೆದಿರುತ್ತದೆ. ಮೂರು ಕಿಲೋವ್ಯಾಟ್ ಇದ್ದು, ಎರಡು ಗೀಸರ್, ನೀರಿನ ಮೋಟಾರ್, ಕಾರು ಎಲ್ಲ ಒಟ್ಟಿಗೆ ಹಾಕಿದರೆ ಬೆಳಗ್ಗೆ ಏಳಕ್ಕೆ ಟ್ರಿಪ್ ಆಗೇ ಆಗುತ್ತದೆ. ಮೆಸ್ಕಾಂಗೋ, ಹಾಸನ ಕೊಡಗಿನವರಾದರೆ ಸೆಸ್ಕ್‌ಗೋ ಅರ್ಜಿ ಕೊಟ್ಟು ಲೋಡ್ ಹೆಚ್ಚಿಸಿಕೊಳ್ಳಿ. ಅಲ್ಲಿಯವರೆಗೆ ಕಾರನ್ನು ರಾತ್ರಿ ಊಟ ಆದಮೇಲೆ ಹಾಕಿ, ಬೆಳಗಿನ ಸ್ನಾನದ ಹೊತ್ತಿಗೆ ತೆಗೆಯುವ ಪದ್ಧತಿ ಇಟ್ಟುಕೊಳ್ಳಿ. ಒಂದು ವಿಷಯ ಖಡಾಖಂಡಿತವಾಗಿ ಹೇಳುತ್ತೇನೆ. ತೋಟದ ಪಂಪ್‌ಸೆಟ್ ಲೈನಿನಿಂದ ಕಾರಿಗೆ ಕರೆಂಟ್ ಕೊಡಬೇಡಿ. 10 ಎಚ್‌ಪಿ ವರೆಗಿನ ಪಂಪ್‌ಸೆಟ್‌ಗೆ ಸರ್ಕಾರ ರಿಯಾಯಿತಿ ಕೊಡುವುದು ನೀರಾವರಿಗೆ. ಅದನ್ನು ವ್ಯಾಪಾರಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆ ಪ್ರಕಾರ ಅನಧಿಕೃತ ಬಳಕೆ, ದಂಡ ಬೀಳುತ್ತದೆ. ದಂಡ ಇರಲಿ ಬಿಡಲಿ, ರೈತರಿಗೆ ಅಂತ ಕೊಟ್ಟ ಕರೆಂಟನ್ನು ನಾವೇ ಹೀಗೆ ಬಳಸಿದರೆ ನಾಳೆ ಆ ಸೌಲಭ್ಯ ಬೇಕು ಅಂತ ಯಾವ ಬಾಯಲ್ಲಿ ಕೇಳೋದು?

ದುಡ್ಡಿನ ವಿಷಯಕ್ಕೆ ಬರೋಣ. ಕೆಲವರು ಪೂರ್ತಿ ಫ್ರೀ ಅನ್ನುತ್ತಾರೆ, ಕೆಲವರು ಒಂದು ರಾತ್ರಿಗೆ ಸಾವಿರ ರೂಪಾಯಿ ಕೇಳುತ್ತಾರೆ. ಪೆಟ್ರೋಲ್ ಕಾರಿನವರು ತಮ್ಮ ಪೆಟ್ರೋಲ್ ತಾವೇ ಹಾಕಿಸಿಕೊಂಡು ಬಂದಿರುತ್ತಾರೆ. ಪಕ್ಕದ ರೂಮಿನವರ ಕಾರಿನ ಖರ್ಚನ್ನು ಅವರ ಬಾಡಿಗೆಯಲ್ಲಿ ಯಾಕೆ ಸೇರಿಸಬೇಕು? ಸಾವಿರ ರೂಪಾಯಿಯಂತೂ ಅನ್ಯಾಯ. 25 ಯೂನಿಟ್‌ಗೆ ಹತ್ತು ರೂಪಾಯಿಯಂತೆ ಹಿಡಿದರೂ 250 ಆಗುತ್ತದೆ. ಆ ಲೈನಿಗೆ ಒಂದು ಸಬ್‌ಮೀಟರ್ ಕೂರಿಸಿ. ಹಾಕುವಾಗ ಒಂದು ರೀಡಿಂಗ್, ತೆಗೆಯುವಾಗ ಒಂದು ರೀಡಿಂಗ್, ಅತಿಥಿಯ ಮೊಬೈಲಿನಲ್ಲೇ ಫೋಟೋ ತೆಗೆದುಕೊಳ್ಳಲಿ. ಬಿಲ್ಲಿನ ದರದ ಮೇಲೆ ವೈರಿಂಗ್ ಖರ್ಚಿಗೆ ಅಂತ ಒಂದೆರಡು ರೂಪಾಯಿ ಇಟ್ಟುಕೊಂಡರೆ ಯಾರೂ ಬೇಡ ಅನ್ನಲ್ಲ. ಹೀಗೆ ಹಣ ತೆಗೆದುಕೊಂಡರೆ ಕರೆಂಟ್ ಮಾರಿದ ಹಾಗೆ ಆಗುತ್ತೆ, ಲೈಸೆನ್ಸ್ ಬೇಕು ಅಂತ ಹೆದರಿಸುವವರಿದ್ದಾರೆ. 2018ರ ಏಪ್ರಿಲ್‌ನಲ್ಲೇ ಕೇಂದ್ರ ಇಂಧನ ಸಚಿವಾಲಯ ಇದನ್ನು ಸ್ಪಷ್ಟ ಮಾಡಿದೆ: ವಾಹನ ಚಾರ್ಜ್ ಮಾಡಿಕೊಡುವುದು ಸೇವೆ, ವಿದ್ಯುತ್ ಮಾರಾಟ ಅಲ್ಲ, ಲೈಸೆನ್ಸ್ ಬೇಕಿಲ್ಲ. ದೇಶದಲ್ಲೇ ಮೊದಲು, 2017ರಲ್ಲಿ, ಎಲೆಕ್ಟ್ರಿಕ್ ವಾಹನ ನೀತಿ ತಂದ ರಾಜ್ಯ ನಮ್ಮದು. ಆ ನೀತಿ ಬೆಂಗಳೂರಿನ ಮಾಲ್‌ಗಳ ಪಾರ್ಕಿಂಗ್‌ನಲ್ಲೇ ನಿಂತುಬಿಟ್ಟರೆ ನಮ್ಮ ಹಳ್ಳಿಗಳಿಗೆ ಏನು ಬಂತು?

ಬರುವವರಿಗೂ ಸ್ವಲ್ಪ ಹೇಳಬೇಕು. ದಯವಿಟ್ಟು ಬುಕ್ ಮಾಡುವಾಗಲೇ ತಿಳಿಸಿ. ರಾತ್ರಿ ಹತ್ತಕ್ಕೆ ಎರಡು ಪರ್ಸೆಂಟ್‌ನಲ್ಲಿ ಬಂದು ನಿಂತು ಕೇಳಬೇಡಿ. ಮನೆಯವರನ್ನು ಕೇಳದೆ ಸಿಕ್ಕ ಪ್ಲಗ್ಗಿಗೆ ಚುಚ್ಚಬೇಡಿ. ನಿಮ್ಮ ಕೇಬಲ್ ನೀವೇ ತನ್ನಿ. ವೋಲ್ಟೇಜ್ ಕಡಿಮೆ ಇದ್ದರೆ ಕಾರಿನ ಸೆಟ್ಟಿಂಗ್‌ನಲ್ಲಿ ಆಂಪ್ ಇಳಿಸುವ ಅವಕಾಶ ಇದ್ದರೆ ಇಳಿಸಿ, ನಿಧಾನ ಆದರೂ ಬೆಳಗ್ಗೆವರೆಗೆ ನಡೆಯುತ್ತದೆ. ಇನ್ನೊಬ್ಬರ ಕಾರೂ ಇದ್ದರೆ ನಿಮ್ಮದು 80 ಪರ್ಸೆಂಟ್ ಆದಮೇಲೆ ಬಿಟ್ಟುಕೊಡಿ. ಸ್ಕೂಟರ್‌ನಲ್ಲಿ ಬರುವ ಹುಡುಗ ಹುಡುಗಿಯರಿಗೆ ಮೂರ್ನಾಲ್ಕು ಯೂನಿಟ್ ಸಾಕು, ಅವರಿಗೆ ಇಲ್ಲ ಅನ್ನುವ ಹೋಮ್‌ಸ್ಟೇಯವರು ಇನ್ನೊಮ್ಮೆ ಯೋಚಿಸಿ.

ದೊಡ್ಡ 7 ಕಿಲೋವ್ಯಾಟ್ ವಾಲ್ ಚಾರ್ಜರ್ ಹಾಕಿಸಬೇಕಾ ಅಂತ ಕೇಳುವವರಿಗೆ ನನ್ನ ಉತ್ತರ: ಈಗಲೇ ಬೇಡ. ಅದಕ್ಕೆ 32 ಆಂಪ್ ಬೇಕು. ನಮ್ಮ ಹಳ್ಳಿ ಲೈನಿನ ಕೊನೆಯ ಮನೆಗಳಲ್ಲಿ ಸಂಜೆ ವೋಲ್ಟೇಜ್ 180ಕ್ಕೆ ಇಳಿಯುವಾಗ ಅಷ್ಟು ಎಳೆದರೆ ಅಕ್ಕಪಕ್ಕದವರ ಬಲ್ಬೂ ಮಂಕಾಗುತ್ತದೆ. ಮೊದಲು ಒಂದು ಒಳ್ಳೆಯ 15 ಆಂಪ್ ಪಾಯಿಂಟ್ ಹಾಕಿಸಿ ಒಂದು ವರ್ಷ ನಡೆಸಿ. ಮುಂದೆ ದೊಡ್ಡದು ಹಾಕಿಸುವ ಯೋಚನೆ ಇದ್ದರೆ ವೈರ್ ಮಾತ್ರ ಈಗಲೇ 4ರ ಬದಲು ದಪ್ಪದ್ದು, 6 ಸ್ಕ್ವೇರ್ ಎಂಎಂ ಎಳೆಸಿಟ್ಟರೆ ಮುಂದೆ ಗೋಡೆ ಒಡೆಯುವ ಕೆಲಸ ಇರುವುದಿಲ್ಲ. ಮೂಡಿಗೆರೆ ಸುತ್ತಮುತ್ತ ಯಾರಾದರೂ ಹಾಕಿಸುವುದಿದ್ದರೆ ಇನ್‌ಬಾಕ್ಸ್‌ನಲ್ಲಿ ಕೇಳಿ. ನಮ್ಮ ಮನೆಯ ಲೈನ್ ಡ್ರಾಯಿಂಗ್, ಸಾಮಾನಿನ ಪಟ್ಟಿ ಎರಡನ್ನೂ ಕಳಿಸುತ್ತೇನೆ, ಎಲೆಕ್ಟ್ರಿಷಿಯನ್‌ಗೆ ತೋರಿಸಿ ಮಾತಾಡಿಕೊಳ್ಳಿ.