ಫ್ಲಾರೆನ್ಸ್‌ಗೆ ಹೋಗುವವರೇ, ಕಾರು ಒಂದು ದಿನಕ್ಕೆ ಸಾಕು

ಇಟಲಿಗೆ ಹೊರಟ ನಮ್ಮವರ ಪ್ಲಾನ್‌ಗಳಲ್ಲಿ ಒಂದು ತಪ್ಪು ಪದೇ ಪದೇ ಕಾಣುತ್ತದೆ. ಫ್ಲಾರೆನ್ಸ್‌ನಲ್ಲಿ ನಾಲ್ಕು ದಿನ ಉಳಿಯುವುದು, ನಾಲ್ಕೂ ದಿನಕ್ಕೆ ಕಾರು ಬುಕ್ ಮಾಡುವುದು. ದಯವಿಟ್ಟು ಹೀಗೆ ಮಾಡಬೇಡಿ. ಊರೊಳಗೆ ನೋಡಬೇಕಾದದ್ದೆಲ್ಲ ಕಾಲ್ನಡಿಗೆಯ ದೂರದಲ್ಲಿದೆ. ಪೀಸಾ, ಲುಕ್ಕಾ, ಅರೆಟ್ಸೊಗೆ ರೈಲಿದೆ. ಸಿಯೆನಾಗೆ ಬಸ್ಸೇ ವಾಸಿ, ಯಾಕೆಂದರೆ ಅಲ್ಲಿನ ರೈಲು ನಿಲ್ದಾಣ ಗುಡ್ಡದ ಬುಡದಲ್ಲಿದೆ, ಊರಿರುವುದು ಮೇಲೆ. ಕಾರು ನಿಜವಾಗಿ ಬೇಕಾಗುವುದು ಎರಡು ಕಡೆಗೆ ಮಾತ್ರ: ಕಿಯಾಂಟಿಯ ದ್ರಾಕ್ಷಿ ತೋಟಗಳ ಊರುಗಳಿಗೆ, ಮತ್ತು ದಕ್ಷಿಣದ ವಾಲ್ ದೋರ್ಚಾಗೆ. ಇವೆರಡನ್ನೂ ಒಂದೇ ದಿನಕ್ಕೆ ತುರುಕಬೇಡಿ. ವಾಲ್ ದೋರ್ಚಾದ ಪಿಯೆಂಜಾಗೆ ಹೋಗಲು ಒಂದು ಕಡೆಗೇ ಸುಮಾರು 120 ಕಿ.ಮೀ., ಎರಡು ಗಂಟೆ ಬೇಕು.

ಊರೊಳಗೆ ಕಾರು ಬೇಡ ಎನ್ನಲು ದೊಡ್ಡ ಕಾರಣ ಜೆಡ್‌ಟಿಎಲ್, ಅಂದರೆ ಪರವಾನಗಿ ಇಲ್ಲದ ವಾಹನ ಹೋಗಬಾರದ ಹಳೇ ಊರಿನ ವಲಯ. ಅಲ್ಲಿ ಗೇಟೂ ಇಲ್ಲ, ಪೊಲೀಸರೂ ಇಲ್ಲ. ಬೀದಿಯ ಬಾಯಲ್ಲಿ ಕೆಂಪು ಅಂಚಿನ ಬಿಳಿ ವೃತ್ತದ ಬೋರ್ಡು, ಪಕ್ಕದಲ್ಲಿ ಅಕ್ಷರ ಬೆಳಗುವ ಫಲಕ, ಮೇಲೊಂದು ಕ್ಯಾಮೆರಾ, ಅಷ್ಟೇ. ಫಲಕದ ಮೇಲಿನ ಮಾತೇ ಹೊಸಬರನ್ನು ಕೆಡಿಸುತ್ತದೆ. 'ವಾರ್ಕೊ ಅತ್ತೀವೊ' ಎಂದು ಬೆಳಗಿದರೆ ದಾರಿ ತೆರೆದಿದೆ ಎಂದುಕೊಂಡು ನುಗ್ಗುತ್ತಾರೆ. ಅದರ ಅರ್ಥ ತಿರುಗುಮುರುಗು: ಕ್ಯಾಮೆರಾ ಕೆಲಸ ಮಾಡುತ್ತಿದೆ, ಒಳಗೆ ಬರಬೇಡಿ. 'ವಾರ್ಕೊ ನೊನ್ ಅತ್ತೀವೊ' ಎಂದಿದ್ದರೆ ಮಾತ್ರ ಹೋಗಬಹುದು. ಒಂದೊಂದು ಪ್ರವೇಶಕ್ಕೂ ಬೇರೆ ಬೇರೆ ದಂಡ, 80 ಯೂರೊ ದಾಟುತ್ತದೆ. ದಾರಿ ತಪ್ಪಿ ಸುತ್ತು ಹೊಡೆದು ಮೂರು ಕ್ಯಾಮೆರಾ ದಾಟಿದರೆ ಮೂರು ದಂಡ. ಫೋನಿನ ಮ್ಯಾಪ್ ಹತ್ತಿರದ ದಾರಿ ಅಂತ ಇದೇ ಬೀದಿಗಳೊಳಗೆ ಕರೆದುಕೊಂಡು ಹೋಗಬಹುದು, ಅದನ್ನು ನಂಬಬೇಡಿ. ಹೋಟೆಲ್ ಈ ವಲಯದೊಳಗಿದ್ದು ಲಗೇಜ್ ಇಳಿಸಲೇಬೇಕಿದ್ದರೆ, ಕಾರಿನ ನಂಬರ್ ಮೊದಲೇ ಹೋಟೆಲಿನವರಿಗೆ ಕೊಟ್ಟು, ಅವರು ನೋಂದಾಯಿಸಿದ್ದಾರೆಂದು ಖಚಿತಪಡಿಸಿಕೊಳ್ಳಿ.

ಹಾಗಾಗಿ ಕಾರು ಪೆರೆಟೊಲಾ ವಿಮಾನ ನಿಲ್ದಾಣದ ಕಡೆ ತಗೊಂಡು ಅಲ್ಲಿಗೇ ವಾಪಸ್ ಮಾಡುವುದೇ ಜಾಣತನ. ಬಾಡಿಗೆ ಸ್ವಲ್ಪ ಹೆಚ್ಚಾದರೂ ಚಿಂತೆಯಿಲ್ಲ. ಸಾಂತಾ ಮಾರಿಯಾ ನೊವೆಲ್ಲಾ ಸ್ಟೇಷನ್ ಬಳಿಯಿಂದ ಟಿ2 ಟ್ರಾಮ್ ಹತ್ತಿದರೆ ಸುಮಾರು 20 ನಿಮಿಷ. ಬೊರ್ಗೊ ಒನ್ಯಿಸ್ಸಾಂಟಿ ಬೀದಿಯ ಸುತ್ತಲಿನ ಕಚೇರಿಗಳು ನಿರ್ಬಂಧಿತ ವಲಯದ ಅಂಚಿಗೇ ಇವೆ. ಅಲ್ಲಿ ಕಾರು ತಗೊಂಡರೆ ಒಂದು ತಪ್ಪು ತಿರುವಿಗೆ ದಂಡ. ಊರೊಳಗಿನ ಕಚೇರಿಗಳು ಮಧ್ಯಾಹ್ನ ಬಾಗಿಲು ಹಾಕುವುದು, ಭಾನುವಾರ ಅರ್ಧ ದಿನವೋ ಪೂರ್ತಿಯೋ ಮುಚ್ಚುವುದು ಕೂಡ ಸಾಮಾನ್ಯ.

ಭಾರತ ಬಿಡುವ ಮುಂಚೆ ಎರಡು ಕೆಲಸ. ಒಂದು, ಐಡಿಪಿ, ಅಂದರೆ ವಿದೇಶದಲ್ಲಿ ವಾಹನ ಓಡಿಸಲು ಬೇಕಾದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ. ನಮ್ಮ ಡಿಎಲ್‌ನಲ್ಲಿ ಇಂಗ್ಲಿಷ್ ಇದೆಯಲ್ಲ ಎನ್ನುವವರಿದ್ದಾರೆ. ಇಟಲಿಯಲ್ಲಿ ಅದು ಸಾಲದು, ಐಡಿಪಿ ಜೊತೆಗೆ ಮೂಲ ಡಿಎಲ್ಲೂ ಕೈಯಲ್ಲಿರಬೇಕು. ಪರಿವಾಹನ್ ಜಾಲತಾಣದಲ್ಲಿ ಅರ್ಜಿ ಹಾಕಿ ನಿಮ್ಮ ಆರ್‌ಟಿಒದಿಂದ ಪಡೆಯಬಹುದು, ಒಂದು ವರ್ಷ ನಡೆಯುತ್ತದೆ. ಎರಡು, ಕ್ರೆಡಿಟ್ ಕಾರ್ಡ್. ಅದು ಸ್ಟೀರಿಂಗ್ ಹಿಡಿಯುವವರ ಹೆಸರಲ್ಲೇ ಇರಬೇಕು. ಕೌಂಟರಿನಲ್ಲಿ ಠೇವಣಿಗೆ ದೊಡ್ಡ ಮೊತ್ತ ಬ್ಲಾಕ್ ಮಾಡುತ್ತಾರೆ. ಫಾರೆಕ್ಸ್ ಕಾರ್ಡನ್ನು ಹೆಚ್ಚಿನವರು ಇದಕ್ಕೆ ಒಪ್ಪುವುದಿಲ್ಲ. ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ವಹಿವಾಟು ಆನ್ ಮಾಡದಿದ್ದರೆ ಇರುವ ಕಾರ್ಡೂ ಕೆಲಸಕ್ಕೆ ಬರುವುದಿಲ್ಲ. ಗಂಡನ ಕಾರ್ಡು, ಹೆಂಡತಿಯ ಲೈಸೆನ್ಸು ಎಂದರೆ ಕಾರು ಕೊಡದೆ ಕಳಿಸಬಹುದು.

ಇನ್ನು ವಿಮೆ. ಬಾಡಿಗೆಯಲ್ಲೇ ಸೇರಿರುವ ವಿಮೆಗೆ ಸಾಮಾನ್ಯವಾಗಿ ದೊಡ್ಡ 'ಫ್ರಾಂಕೀಜಿಯಾ' ಇರುತ್ತದೆ. ಅಷ್ಟು ಮೊತ್ತದವರೆಗಿನ ಹಾನಿ ನಿಮ್ಮ ತಲೆಗೇ. ಟೈರು, ಗಾಜು, ಕಾರಿನ ತಳ ಬಹಳಷ್ಟು ಸಲ ಇದರೊಳಗೆ ಬರುವುದೇ ಇಲ್ಲ. ಕಿಯಾಂಟಿಯಲ್ಲಿ ಡಾಂಬರಿಲ್ಲದ 'ಸ್ತ್ರಾದೆ ಬಿಯಾಂಕೆ', ಅಂದರೆ ಬಿಳಿ ಜಲ್ಲಿ ರಸ್ತೆಗಳಿವೆ. ಟೈರು, ತಳ ಎರಡಕ್ಕೂ ಪೆಟ್ಟು ಬೀಳುವುದು ಅಲ್ಲೇ. ಸಣ್ಣ ಅಕ್ಷರಗಳಲ್ಲಿ ಈ ಮೂರನ್ನು ಹುಡುಕಿ ಓದಿ ಸಹಿ ಹಾಕಿ. ಕೀ ಕೈಗೆ ಬಂದೊಡನೆ ನಾಲ್ಕೂ ರಿಮ್, ಬಂಪರಿನ ಮೂಲೆಗಳು, ಫ್ಯುಯೆಲ್ ಮುಳ್ಳು, ಕಿ.ಮೀ. ರೀಡಿಂಗ್ ಕಾಣುವಂತೆ ವಿಡಿಯೊ ಮಾಡಿಕೊಳ್ಳಿ. ಅಲ್ಲಿ ಗೇರ್ ಕಾರು ಹೆಚ್ಚು. ಸ್ಟೀರಿಂಗ್ ಎಡಕ್ಕೆ, ಗೇರ್ ಬಲಗೈಗೆ, ರಸ್ತೆಯ ಬಲಬದಿಗೆ ಓಡಿಸಬೇಕು. ಮೂರಕ್ಕೂ ಒಟ್ಟಿಗೆ ಹೊಂದಿಕೊಳ್ಳುವ ಬದಲು ಮುಂಚೆಯೇ ಆಟೊಮ್ಯಾಟಿಕ್ ಬುಕ್ ಮಾಡಿ, ಹೆಚ್ಚುವರಿ ದುಡ್ಡು ವ್ಯರ್ಥವಲ್ಲ.

ಒಂದು ದಿನಕ್ಕೆ ನನ್ನ ಸಲಹೆಯ ದಾರಿ ಇದು. ವಿಮಾನ ನಿಲ್ದಾಣದಿಂದ ಎ11 ಹೆದ್ದಾರಿ, ಅಲ್ಲಿಂದ ಎ1ರಲ್ಲಿ 'ರೋಮಾ' ಕಡೆಗೆ, ಇಂಪ್ರುನೇತಾ ಎಕ್ಸಿಟ್‌ನಲ್ಲಿ ಇಳಿದು ಸಿಯೆನಾ ರಸ್ತೆ. ಈ ರಸ್ತೆಗೆ ಟೋಲ್ ಇಲ್ಲ, ಲೇನ್ ಮಾತ್ರ ಕಿರಿದು. ಹಸಿರು ಬೋರ್ಡ್ ಟೋಲಿನ ಹೆದ್ದಾರಿಗೆ, ನೀಲಿ ಬೇರೆ ರಸ್ತೆಗೆ, ಇದೊಂದು ನೆನಪಿದ್ದರೆ ಅರ್ಧ ಗೊಂದಲ ತಪ್ಪುತ್ತದೆ. ಮೊದಲು 13ನೇ ಶತಮಾನದ ಕೋಟೆಯೂರು ಮೊಂತೆರಿಜಿಯೊನಿ. ವಾಪಸ್ ಬರುವಾಗ ಅವಸರ ಬೇಡ, ಎಸ್‌ಆರ್ 222 ರಸ್ತೆ ಹಿಡಿದು ಕಾಸ್ತೆಲ್ಲೀನಾ, ಪಾಂಜಾನೊ, ಗ್ರೇವೆ ಮೂಲಕ ಬನ್ನಿ. ಕಾರು ತಗೊಂಡದ್ದು ಸಾರ್ಥಕವಾಗುವುದು ಈ ರಸ್ತೆಯಲ್ಲೇ. ವೈನ್ ರುಚಿ ನೋಡುವ ಆಸೆಯಿದ್ದರೆ ಓಡಿಸುವವರು ಆ ದಿನ ಬಿಟ್ಟುಬಿಡಿ. ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಅಲ್ಲಿನ ಮಿತಿ, ಲೈಸೆನ್ಸ್ ಪಡೆದು ಮೂರು ವರ್ಷ ಆಗದವರಿಗೆ ಸೊನ್ನೆ.

ಪಾರ್ಕಿಂಗ್‌ಗೆ ಬಣ್ಣ ನೋಡಿ: ಬಿಳಿ ಗೆರೆ ಉಚಿತ, ನೀಲಿಗೆ ದುಡ್ಡು, ಹಳದಿ ನಿಮಗಲ್ಲ. ಟೋಲ್‌ನಲ್ಲಿ ಹಳದಿ 'ಟೆಲಿಪಾಸ್' ಲೇನ್ ನಮ್ಮ ಫಾಸ್ಟ್ಯಾಗ್ ಇದ್ದಂತೆ, ಅದಕ್ಕೆ ಹೋಗಬೇಡಿ. ತಪ್ಪಿ ಹೋದರೆ ಯಾವ ಕಾರಣಕ್ಕೂ ರಿವರ್ಸ್ ಹಾಕಬೇಡಿ, ಸಹಾಯದ ಬಟನ್ ಒತ್ತಿ ಕಾಯಿರಿ.

ಪೆಟ್ರೋಲಿಗೆ ಅಲ್ಲಿ 'ಬೆಂಜೀನಾ', ಡೀಸೆಲ್‌ಗೆ 'ಗಜೋಲಿಯೊ'. ಟ್ಯಾಂಕಿನ ಮುಚ್ಚಳದ ಒಳಗೆ ಯಾವುದು ಎಂದು ಬರೆದಿರುತ್ತದೆ. 'ಸರ್ವೀತೊ' ಎಂದಿರುವಲ್ಲಿ ಬಂಕಿನವರೇ ತುಂಬುತ್ತಾರೆ, ಲೀಟರಿಗೆ ದರವೂ ಹೆಚ್ಚು. 'ಸೆಲ್ಫ್' ಮಷಿನ್‌ಗೆ ನೋಟು ಹಾಕಿದರೆ ಚಿಲ್ಲರೆ ವಾಪಸ್ ಬರುವುದಿಲ್ಲ, ಲೆಕ್ಕ ಹಾಕಿ ಹಾಕಿ. ಫುಲ್ ಟ್ಯಾಂಕ್ ಮಾಡಿದ ರಸೀದಿ ಇಟ್ಟುಕೊಳ್ಳಿ. ಕಚೇರಿ ಮುಚ್ಚಿದ ಮೇಲೆ ಕೀ ಡಬ್ಬದೊಳಗೆ ಹಾಕಿ ಬಂದರೆ, ಅವರು ಬೆಳಿಗ್ಗೆ ಕಾರು ನೋಡುವವರೆಗೆ ಹೊಣೆ ನಿಮ್ಮದೇ. ಆದಷ್ಟು ಸಿಬ್ಬಂದಿ ಇರುವಾಗಲೇ ಒಪ್ಪಿಸಿ.

ಊರಿಗೆ ಬಂದ ಮೇಲೆ ಕಾರ್ಡಿನಿಂದ 30-50 ಯೂರೊ ಕಡಿತವಾದರೆ ಅದು ದಂಡವಲ್ಲ. ನಿಮ್ಮ ವಿವರವನ್ನು ಪೊಲೀಸರಿಗೆ ಕೊಟ್ಟದ್ದಕ್ಕೆ ಬಾಡಿಗೆ ಕಂಪನಿ ಹಿಡಿದ ಶುಲ್ಕ. ದಂಡದ ನೋಟಿಸು ಆಮೇಲೆ ಬೇರೆ ಬರುತ್ತದೆ. ವಿದೇಶಿಯರಿಗೆ ಅದನ್ನು ಕಳಿಸಲು 360 ದಿನಗಳ ಅವಕಾಶವಿದೆ. ನೋಟಿಸು ಕೈಸೇರಿದ ಐದು ದಿನದೊಳಗೆ ಕಟ್ಟಿದರೆ ದಂಡದಲ್ಲಿ 30% ಕಡಿತ ಸಿಗುತ್ತದೆ. ಹಾಗಾಗಿ ಬಾಡಿಗೆ ಕರಾರು, ವಿಡಿಯೊ, ರಸೀದಿಗಳನ್ನು ಒಂದು ವರ್ಷ ಅಳಿಸಬೇಡಿ.