ಮಠದ ಉಚಿತ ಹಾಸ್ಟೆಲ್ ಇನ್ನೂ ಬೇಕೆ?

ಪರ: ರಾತ್ರಿಯ ಊಟಕ್ಕೆ ಯಾರು ದಿಕ್ಕು?

ಮೈಸೂರಿಗೆ ಓದಲು ಬಂದ ಬಡ ಹುಡುಗರಿಗೆ ಒಂದು ಕಾಲದಲ್ಲಿ ವಾರಾನ್ನವೇ ಗತಿ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಆ ಮನೆಯವರು ಊರಿಗೆ ಹೋದರೆ ಅಂದು ಉಪವಾಸ. ಅದೂ ಹೆಚ್ಚಾಗಿ ಜಾತಿ ನೋಡಿಯೇ ಸಿಗುತ್ತಿತ್ತು. ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1941ರಲ್ಲಿ, ಯುದ್ಧದ ನಡುವೆ, ಇಲ್ಲಿ ಉಚಿತ ವಿದ್ಯಾರ್ಥಿ ನಿಲಯ ತೆರೆದರು. ಮಠದ ಶಿಕ್ಷಣ ಸಂಸ್ಥೆಯಾದ ಜೆಎಸ್‌ಎಸ್ ಮಹಾವಿದ್ಯಾಪೀಠ ಹುಟ್ಟಿದ್ದು ಆಮೇಲೆ, 1954ರಲ್ಲಿ. ಹಸಿದ ಹುಡುಗನ ತಲೆಗೆ ಪಾಠ ಹತ್ತುವುದಿಲ್ಲವೆಂಬುದು ಅವರಿಗೆ ಗೊತ್ತಿತ್ತು.

ಈಗ ಬಿಸಿಯೂಟವಿದೆ, ಸರ್ಕಾರದ ಮೊರಾರ್ಜಿ ವಸತಿ ಶಾಲೆಯಿದೆ ಎನ್ನುತ್ತಾರೆ. ಬಿಸಿಯೂಟ ಮಧ್ಯಾಹ್ನಕ್ಕೆ ಮಾತ್ರ. ಮೊರಾರ್ಜಿ ಶಾಲೆಗೆ ಪ್ರವೇಶ ಪರೀಕ್ಷೆ ಬರೆಯಬೇಕು, ಸೇರುವುದು ಆರನೇ ತರಗತಿಗೆ. ಅಪ್ಪ ತೀರಿಕೊಂಡು, ಅವ್ವ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗುವ ಎರಡನೇ ಕ್ಲಾಸಿನ ಕೂಸು ಅಲ್ಲಿಯವರೆಗೆ ಎಲ್ಲಿರಬೇಕು? ಕಪಿಲೆ ದಡದ ಸುತ್ತೂರಿನ ಮಠದ ವಸತಿ ಶಾಲೆಯಲ್ಲಿ ಸಾವಿರಾರು ಮಕ್ಕಳು ಬಿಡಿಗಾಸು ಕೊಡದೆ ಉಂಡು, ಓದುತ್ತಿದ್ದಾರೆ. ಈಶಾನ್ಯ ರಾಜ್ಯಗಳ ಮಕ್ಕಳೂ ಅದೇ ಪಂಕ್ತಿಯಲ್ಲಿ ಕೂರುತ್ತಾರೆ. ಇದನ್ನು ಮುಚ್ಚಿ ಎನ್ನಲು ನನಗೆ ಬಾಯಿ ಬಾರದು.

ವಿರೋಧ: ಮಗು ಮನೆಯಲ್ಲೇ ಬೆಳೆಯಲಿ

ರಾಜೇಂದ್ರ ಸ್ವಾಮಿಗಳ ಮೇಲೆ ನನಗೂ ಅಷ್ಟೇ ಭಕ್ತಿ. ಆದರೆ ಆಗ ಬಹುಪಾಲು ಹಳ್ಳಿಗಳಲ್ಲಿ ಹೈಸ್ಕೂಲಿರಲಿಲ್ಲ. ಓದಬೇಕೆಂದರೆ ಊರು ಬಿಡಲೇಬೇಕಿತ್ತು. ಈಗ ಹಾಗಿಲ್ಲ. ಯಾವುದಾದರೂ ಚಿಕ್ಕ ಮಕ್ಕಳ ಹಾಸ್ಟೆಲಿನ ಗೇಟಿನ ಬಳಿ ಭಾನುವಾರ ಸಂಜೆ ನಿಂತು ನೋಡಿ. ಚಕ್ಕುಲಿ ಡಬ್ಬಿ ಕೈಗಿಟ್ಟು ಅವ್ವ ಹೊರಟರೆ ಮಗು ಸೆರಗು ಬಿಡುವುದಿಲ್ಲ. ವಾರ್ಡನ್ ಬಂದು ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕು. ಆ ಮಗುವಿಗೆ ಅಲ್ಲಿ ಖರ್ಚಾಗುವ ಹಣವನ್ನು ತಿಂಗಳು ತಿಂಗಳು ತಾಯಿಯ ಕೈಗೇ ಕೊಟ್ಟರೆ ಅದೂ ದಾಸೋಹವಲ್ಲವೆ?

2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಓದನ್ನು ಹಕ್ಕಾಗಿ ಕೊಟ್ಟಿದೆ. ಹಕ್ಕಿನಿಂದ ಸಿಕ್ಕಿದ್ದಕ್ಕೆ ಯಾರ ಕಾಲಿಗೂ ಬೀಳಬೇಕಿಲ್ಲ. ಮಠ ಎಷ್ಟು ಅಕ್ಕರೆಯಿಂದ ಬಡಿಸಿದರೂ ಉಂಡ ಮಗುವಿನ ಮನಸ್ಸಿನಲ್ಲಿ ಋಣ ಉಳಿಯುತ್ತದೆ. ಮಠಗಳು ಊರಿನ ಸರ್ಕಾರಿ ಶಾಲೆಗೆ ಮೇಷ್ಟ್ರನ್ನು ಕೊಡಲಿ, ಸೋರುವ ಹೆಂಚು ಬದಲಿಸಲಿ. ದಿಕ್ಕಿಲ್ಲದ ಮಕ್ಕಳಿಗಷ್ಟೇ ನಿಲಯ ಇರಲಿ. ಉಳಿದ ಕೋಣೆಗಳು ಡಿಗ್ರಿ ಓದಲು ಮೈಸೂರಿಗೆ ಬಂದು, ಪಿಜಿ ಬಾಡಿಗೆ ಕಟ್ಟಲಾಗದೆ ಊರಿಗೆ ವಾಪಸಾಗುವ ಹೆಣ್ಣುಮಕ್ಕಳಿಗೆ ಸಿಗಲಿ.