ಆ 4 ಎಲ್ಲಿಂದ ಬಂತು?

ರೋಬೋಟ್‌ಗಳ ಸೆನ್ಸರ್ ವಿಷಯವನ್ನು ನಾನು ಎರಡು ಸಲ ಓದಿದ್ದೇನೆ. ಮೊದಲು ಊರಲ್ಲಿ, ಆಮೇಲೆ ಹೊರದೇಶಕ್ಕೆ ಬಂದು. ಪಾಠ ಹೆಚ್ಚು ಕಡಿಮೆ ಒಂದೇ, ಕಲಿಸುವ ರೀತಿ ಮಾತ್ರ ಪೂರ್ತಿ ಬೇರೆ.

ಊರಲ್ಲಿ ಕಾಲ್ಮನ್ ಫಿಲ್ಟರ್ ನನಗೆ ಬಾಯಿಪಾಠ. 1960ರ ಆ ಲೆಕ್ಕ ಇವತ್ತಿಗೂ ಬೇಕೇ ಬೇಕು. ರೋಬೋಟ್ ತಾನೆಲ್ಲಿದ್ದೇನೆ ಅಂತ ಮಾಡಿದ ಅಂದಾಜನ್ನೂ ಸೆನ್ಸರ್ ಹೇಳಿದ್ದನ್ನೂ ತೂಗಿ, ಯಾವುದನ್ನು ಎಷ್ಟು ನಂಬಬೇಕು ಅಂತ ಅದು ಹೇಳುತ್ತದೆ. ಸೆನ್ಸರ್ ಎಷ್ಟು ತಪ್ಪಬಹುದು ಅನ್ನೋದಕ್ಕೆ ಅದರಲ್ಲಿ ‘ಆರ್’ ಅಂತ ಒಂದು ಅಕ್ಷರ ಇದೆ. ಪರೀಕ್ಷೆಯಲ್ಲಿ ‘ಆರ್ = 4’ ಅಂತ ಕೊಟ್ಟಿರುತ್ತಿದ್ದರು, ನಾವು ಹಾಕಿ ಉತ್ತರ ತೆಗೆಯುತ್ತಿದ್ದೆವು. ಆ 4 ಎಲ್ಲಿಂದ ಬಂತು? ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಇಲ್ಲಿ ಮೊದಲ ಲ್ಯಾಬ್‌ನಲ್ಲೇ ಗೈರೊಸ್ಕೋಪ್, ಅಂದರೆ ಎಷ್ಟು ವೇಗವಾಗಿ ತಿರುಗುತ್ತಿದೆ ಅಂತ ಅಳೆಯುವ ಸೆನ್ಸರ್ ಕೊಟ್ಟು, ಮೇಜಿನ ಮೇಲಿಟ್ಟು ಒಂದು ಗಂಟೆ ಮುಟ್ಟದೆ ರೆಕಾರ್ಡ್ ಮಾಡಿ ಅಂದರು. ಅಲುಗಾಡದೆ ಕೂತಿದ್ದರೂ ಅದು ‘ತಿರುಗುತ್ತಿದ್ದೇನೆ’ ಅನ್ನುತ್ತಲೇ ಇತ್ತು. ಸೆಕೆಂಡಿಗೆ 0.01 ಡಿಗ್ರಿ ತಪ್ಪು ಅಂದರೆ ಏನೂ ಅಲ್ಲ ಅನಿಸುತ್ತದೆ, ಅಲ್ವಾ? ಗಂಟೆಗೆ ಅದು 36 ಡಿಗ್ರಿ.

ಮುಂದಿನ ವಾರ, ಶಬ್ದ ಕಳಿಸಿ ಅದು ವಾಪಸ್ ಬರುವ ಹೊತ್ತಿನಿಂದ ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್ ಅನ್ನು ಗೋಡೆಗೆ ನೇರವಾಗಿಟ್ಟು ಒಂದೇ ದೂರವನ್ನು ಸಾವಿರ ಸಲ ಅಳೆದೆವು. ರೀಡಿಂಗ್‌ಗಳು ಎಷ್ಟು ಚದುರಿವೆ ಅಂತ ಲೆಕ್ಕ ಹಾಕಿದಾಗ ಬಂದದ್ದೇ ಆರ್. ಅವತ್ತು ನನಗಾದ ಖುಷಿ ಈಗಲೂ ನೆನಪಿದೆ. ಆಮೇಲೆ ಸೆನ್ಸರ್ ಅನ್ನು ಓರೆ ಮಾಡಿಸಿದರು. ಶಬ್ದ ಗೋಡೆಗೆ ಬಡಿದು ಬೇರೆಲ್ಲಿಗೋ ಹೋಯಿತು, ವಾಪಸ್ ಬರಲೇ ಇಲ್ಲ, ಎದುರಿಗೆ ಗೋಡೆ ಇದ್ದರೂ ಸೆನ್ಸರ್ ಪ್ರಕಾರ ಏನೂ ಇಲ್ಲ. ಲೇಸರ್ ಬೆಳಕಿನಿಂದ ದೂರ ಅಳೆಯುವ ಲೈಡಾರ್‌ಗೆ ಗಾಜಿನ ಬಾಗಿಲು ಸಿಕ್ಕಾಗಲೂ ಹೀಗೇ, ಬೆಳಕು ತೂರಿಕೊಂಡು ಹೋಗುತ್ತದೆ. ಇಂಥ ತಪ್ಪು ನಿಜವಾದ ದೂರದ ಆಚೆ ಈಚೆ ಚದುರುವ ತಪ್ಪಲ್ಲ, ಹಾಗಾಗಿ ಆರ್ ಎಷ್ಟೇ ಸರಿ ಇದ್ದರೂ ಫಿಲ್ಟರ್ ಮೋಸ ಹೋಗುತ್ತದೆ. ಊರಲ್ಲಿ ಅಷ್ಟು ಲೆಕ್ಕ ಮಾಡಿದರೂ ಇದು ನನಗೆ ಹೊಳೆದಿರಲಿಲ್ಲ.

ಊರಿನ ಗಣಿತ ದಂಡ ಅಂತ ನಾನು ಹೇಳಲ್ಲ. ಇಲ್ಲಿನ ಸಹಪಾಠಿಗಳು ಮ್ಯಾಟ್ರಿಕ್ಸ್ ಹತ್ತಿರ ತಡವರಿಸುವಾಗ ನನಗೆ ಸಲೀಸಾಗಿತ್ತು. ಆದರೆ ಅಳೆಯೋದು ಮೊದಲು ಬರಬೇಕು, ಇದರಲ್ಲಿ ನನಗೆ ಎರಡು ಮಾತಿಲ್ಲ.

ಲ್ಯಾಬ್ ಇಲ್ಲ ಅಂತ ಊರಿನ ಹುಡುಗರು, ಹುಡುಗಿಯರು ನನಗೆ ಬರೆಯುತ್ತಾರೆ. ಸಾಕಷ್ಟು ಫೋನ್‌ಗಳಲ್ಲೇ ಗೈರೊಸ್ಕೋಪ್ ಇರುತ್ತದೆ, ರೀಡಿಂಗ್ ಉಳಿಸಿಕೊಡುವ ಆ್ಯಪ್‌ಗಳೂ ಇವೆ. ನಿಮ್ಮದರಲ್ಲಿದ್ದರೆ ಇವತ್ತು ರಾತ್ರಿ ಒಂದು ಗಂಟೆ ಹೊತ್ತು ಫೋನನ್ನು ಮೇಜಿನ ಮೇಲೆ ಸುಮ್ನೆ ಬಿಡಿ, ಬಂದ ಗ್ರಾಫ್ ಮುಂದಿಟ್ಟುಕೊಂಡು ಆಮೇಲೆ ಪುಸ್ತಕ ತೆರೆಯಿರಿ.